ಕೊಳ್, ಪರೆ ಮತ್ತು ಸೊಲ್ಲು: ನೀಲಗಿರಿಯ ಸಾವಿನ ಸಂಗೀತದಲ್ಲಿ ಕೋತರೂ ಬಡಗರೂ

ಮೋಯಾರ್ ನದಿಯು ನೀಲಗಿರಿ ಪ್ರಸ್ಥಭೂಮಿಯ ಉತ್ತರದ ಬುಡದಲ್ಲಿ ಆಳವಾದ ಕಮರಿಯನ್ನು ಕೊರೆದುಕೊಂಡು ಪೂರ್ವಕ್ಕೆ ಹರಿದು ಭವಾನಿಯನ್ನು ಸೇರುತ್ತದೆ. ಅದರ ಒಂದು ಮಗ್ಗುಲಿಗೆ ಬಂಡೀಪುರದ ಕಾಡು ಮತ್ತು ಗುಂಡ್ಲುಪೇಟೆಯ ಸೀಮೆ. ಇನ್ನೊಂದು ಮಗ್ಗುಲಿಗೆ ಮುದುಮಲೆ, ಮಸಿನಗುಡಿ, ಸೀಗೂರು. ಅಲ್ಲಿಂದ ಮೇಲಕ್ಕೆ ಬೆಟ್ಟದ ಗೋಡೆ. ಬಡಗರು ಹೇಳಿಕೊಂಡು ಬಂದಿರುವ ವಲಸೆಯ ಕಥೆಯಲ್ಲಿ ಈ ನದಿಗೆ ದೊಡ್ಡ ಸ್ಥಾನವಿದೆ. ತಲೈಮಲೆಯ ಕಡೆಯಲ್ಲಿ ನೆಲೆಸಿದ್ದ ಅಣ್ಣತಮ್ಮಂದಿರು ತಮ್ಮ ಸೋದರಿಯ ಮಾನವನ್ನು ದೊರೆಯೊಬ್ಬನಿಂದ ಕಾಯಲು ರಾತ್ರೋರಾತ್ರಿ ಊರು ಬಿಟ್ಟರೆಂದೂ, ಬೆನ್ನಟ್ಟಿದ ದಂಡಿಗೆ ಸಿಕ್ಕದಂತೆ ನದಿಯು ಇಬ್ಭಾಗವಾಗಿ ದಾರಿಗೊಟ್ಟಿತೆಂದೂ ಆ ಕಥೆಯ ಕೆಲವು ಪಾಠಗಳು ಹೇಳುತ್ತವೆ. ‘ಬಡಗ’ ಎಂಬ ಹೆಸರಿನಲ್ಲಿಯೇ ಬಡಗಣ ದಿಕ್ಕು ಇದೆ. 1603ರಲ್ಲಿ ಬೆಟ್ಟವನ್ನೇರಿದ ಯೇಸುಸಭೆಯ ಪಾದ್ರಿ ಫೆನಿಚಿಯೋ ಈ ಹೆಸರಿನ ಜನರನ್ನು ಅಲ್ಲಿ ಕಂಡಿದ್ದರು.

ಭಾಷಾಶಾಸ್ತ್ರಜ್ಞರು ಈ ಕಥೆಯನ್ನು ತಮ್ಮದೇ ರೀತಿಯಲ್ಲಿ ಪರೀಕ್ಷಿಸಿದ್ದಾರೆ. ಬಡಗ ಮಾತಿನಲ್ಲಿ ‘ಹಟ್ಟಿ’, ‘ಹಾಲು’ ಮುಂತಾದ ರೂಪಗಳಿರುವುದರಿಂದ, ಪಕಾರವು ಹಕಾರವಾದ ಮೇಲಿನ ಕನ್ನಡವೇ ಅದರ ಮೂಲವೆಂದು ಒಪ್ಪಬೇಕಾಗುತ್ತದೆ. ವಿಜಯನಗರದ ಪತನದ ಆಚೀಚಿನ ವಲಸೆಯೆಂಬ ಪಾಲ್ ಹಾಕಿಂಗ್ಸ್ ಅವರ ವಾದಕ್ಕೆ ಇದು ಒಗ್ಗುತ್ತದೆ. ಇನ್ನೊಂದು ಕಡೆ, ಎಂ. ಬಿ. ಎಮಿನೋ 1939ರಲ್ಲಿ ವಿವರಿಸಿದ, ನಾಲಗೆ ಮಡಿಚಿ ಉಚ್ಚರಿಸುವ ಬಡಗ ಸ್ವರಗಳು ಬಯಲಿನ ಕನ್ನಡದಲ್ಲಿ ಇಲ್ಲ. ಹೀಗೆ ಅದು ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಮುಗಿಯದೆ ಸಾಗಿದೆ. ಈ ಚರ್ಚೆಯ ಗದ್ದಲದಲ್ಲಿ ಬೇರೊಂದು ಪ್ರಶ್ನೆ ಹಿಂದುಳಿದಿದೆ. ನದಿ ದಾಟಿ ಬಂದ ಜನ ತಮ್ಮೊಡನೆ ಮಾತನ್ನು ತಂದರು, ದೈವಗಳನ್ನು ತಂದರು, ಒಡೆಯ, ಹಾರುವ, ಅಧಿಕಾರಿ, ಕಣಕ್ಕ, ತೊರೆಯ ಎಂಬ ಒಳಪಂಗಡಗಳನ್ನೂ ಕಟ್ಟಿಕೊಂಡರು. ಆದರೆ ಈ ಪಂಗಡಗಳಲ್ಲಿ ವಾದ್ಯ ನುಡಿಸುವುದನ್ನೇ ಕಸುಬಾಗಿಸಿಕೊಂಡ ಒಂದೂ ಇಲ್ಲ. ಕಬ್ಬಿಣದ ಕೆಲಸದವರೂ ಇಲ್ಲ, ಕುಂಬಾರರೂ ಇಲ್ಲ. ಮೈಸೂರು ಸೀಮೆಯ ಯಾವ ಹಳ್ಳಿಯಲ್ಲಿಯೂ ಹೆಣದ ಮುಂದೆ ತಮಟೆ ಬಾರಿಸುವವರು, ಕುಲುಮೆಯವರು, ಮಡಕೆಯವರು ಇಲ್ಲದೆ ಬದುಕು ಸಾಗದು, ಸಾವೂ ಸಾಗದು. ಬೆಟ್ಟದ ಮೇಲೆ ಈ ಮೂರೂ ಸ್ಥಾನಗಳನ್ನು ಅಲ್ಲಿ ಮೊದಲೇ ಇದ್ದ ಒಂದು ಪುಟ್ಟ ಸಮುದಾಯ ತುಂಬಿತು. ಅದು ಕೋತರದು.

ಕೋತರು ಎಣಿಕೆಯಲ್ಲಿ ಎರಡು ಸಾವಿರದ ಆಸುಪಾಸಿನವರು. ಅವರಿಗೆ ಏಳೇ ಊರುಗಳು. ಸೋಲೂರಿನ ಕೊಕ್ಕಾಲ್ ಎಂದು ಹೊರಗಿನವರು ಕರೆಯುವ ಕುರ್ಗೋಜ್, ಸೀಗೂರಿನ ಕಡೆಗೆ ಇಳಿಯುವ ಇಳಿಜಾರಿನ ನೆತ್ತಿಯಲ್ಲಿದೆ. ಕಲಾಚ್ ಗೂಡಲೂರಿನ ಬಳಿಯಲ್ಲಿದೆ. ಪೋರ್ಗಾಡ್ ಇಂದಿನ ಕೋತಗಿರಿಯೇ. ಬಡಗರ ಹಟ್ಟಿಗಳಾದರೋ ಮುನ್ನೂರಕ್ಕೂ ಹೆಚ್ಚು. ಏಳು ಊರಿನ ಗಂಡಸರು ಅಷ್ಟು ಹಟ್ಟಿಗಳ ಸಾವುಗಳಿಗೂ ಹಬ್ಬಗಳಿಗೂ, ಅದರ ಜೊತೆಗೆ ತೊದವರ ಉತ್ತರಕ್ರಿಯೆಗಳಿಗೂ ವಾದ್ಯ ನುಡಿಸಬೇಕಾಗಿತ್ತೆಂಬುದನ್ನು ನೆನೆದರೆ, ಸಂಗೀತವು ಅವರಿಗೆ ಎಂತಹ ದುಡಿಮೆಯಾಗಿತ್ತೆಂಬುದು ತಿಳಿಯುತ್ತದೆ. ಪ್ರತಿಯೊಂದು ಬಡಗ ಕುಟುಂಬಕ್ಕೆ ಒಂದು ಕೋತ ಕುಟುಂಬ ತಲೆಮಾರಿನಿಂದ ಗೊತ್ತಾಗಿರುತ್ತಿತ್ತು. ಕತ್ತಿ, ಕುಡುಗೋಲು, ಮಡಕೆ, ಸಂಗೀತ ಎಲ್ಲವೂ ಆ ಮನೆಯಿಂದ ಈ ಮನೆಗೆ. ಸುಗ್ಗಿಯಲ್ಲಿ ಧಾನ್ಯದ ಪಾಲು ಈ ಮನೆಯಿಂದ ಆ ಮನೆಗೆ.

ತಂಡದ ರಚನೆ ಸರಳವೆಂದು ತೋರಿದರೂ ಕೇಳುವಾಗ ಹಾಗಲ್ಲ. ಮುಂದಾಳು ವಾದ್ಯ ‘ಕೊಳ್’. ಎರಡು ನಾಲಗೆಯ, ಶಂಕುವಿನಾಕಾರದ ಕೊಳವೆಯುಳ್ಳ, ಓಲಗದ ಬಳಗಕ್ಕೆ ಸೇರಿದ ಊದುವಾದ್ಯ. ಜೊತೆಗೆ ‘ಪರ್’ ಎಂಬ ಉರುಳೆಯಾಕಾರದ ಎರಡು ಮುಖದ ಚರ್ಮವಾದ್ಯ, ಅದರಲ್ಲಿ ದೊಡ್ಡದು ಚಿಕ್ಕದು ಎಂಬ ಭೇದ, ‘ತಬಟ್ಕ್’ ಎಂಬ ಬಳೆತಮಟೆ, ‘ಕೊಬ್’ ಎಂಬ ಬಾಗಿದ ಕೊಂಬು, ತಾಳ. ಕನ್ನಡದ ಓದುಗನಿಗೆ ಈ ಪಟ್ಟಿ ಒಂದು ಸಣ್ಣ ಸೋದರ ಭಾಷಾಪಾಠದಂತೆ ಕಾಣುತ್ತದೆ. ಕೊಳ್ ನಮ್ಮ ಕೊಳಲ್, ಪರ್ ಎಂಬುದು ಹಳಗನ್ನಡದ ಪರೆ, ಇಂದಿನ ಹರೆ, ಕೊಬ್ ಕೊಂಬು, ತಬಟ್ಕ್ ತಮಟೆ, ಹಾಡಿಗೆ ಕೋತರ ಹೆಸರಾದ ‘ಪಾಟ್’ ನಮ್ಮ ಪಾಡು. ಬಡಗ ಮಾತಿನಲ್ಲಿ ಹಕಾರವಾಗಿರುವ ಕಡೆ ಕೋತದಲ್ಲಿ ಪಕಾರ ಉಳಿದಿದೆ. ಒಂದೇ ಸಾವಿನ ಅಂಗಳದಲ್ಲಿ ಪಕಾರದ ಭಾಷೆಯವರು ನುಡಿಸುತ್ತಿದ್ದರು, ಹಕಾರದ ಭಾಷೆಯವರು ಕುಣಿಯುತ್ತಿದ್ದರು. ಆದರೆ ‘ದೇವ್ರ್’ ಎಂಬ ಕೋತ ಪದವನ್ನು ನೋಡಿದರೆ ಅದು ಕನ್ನಡದ ಅಥವಾ ಬಡಗದ ದೇವರೇ ಹೊರತು ಬೇರೆಯಲ್ಲ. ವಾದ್ಯದ ಹೆಸರುಗಳು ಸ್ವಂತದ್ದು, ದೇವರ ಹೆಸರು ನೆರೆಯವರದು ಎಂಬುದು ವಿಚಾರಮಾಡತಕ್ಕ ಸಂಗತಿ.

ಕೋತರು ತಮ್ಮ ಕೊಳ್ ಮಟ್ಟುಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ: ದೇವರ ಮಟ್ಟು, ಸಾವಿನ ಮಟ್ಟು, ಆಟದ ಅಂದರೆ ಕುಣಿತದ ಮಟ್ಟು. ಇವು ಬೆರೆಯಬಾರದು, ಸಾವಿನ ಮಟ್ಟನ್ನು ಹಬ್ಬದಲ್ಲಿ ನುಡಿಸಿದರೆ ಅದು ಕಲಾದೋಷವಲ್ಲ, ಕ್ರಿಯಾದೋಷ. ತಾಳದ ಬಗೆಗೆ ‘ದಾಕ್’ ಎಂಬ ಪದವಿದೆ. ಇಲ್ಲಿ ಕೊಳ್ ತನ್ನ ದಾರಿಯಲ್ಲಿ ಸ್ವಲ್ಪ ಸ್ವೇಚ್ಛೆಯಿಂದಲೇ ಸಾಗಿ, ಪರೆಯ ಆವರ್ತವನ್ನು ಕೆಲವು ಗೊತ್ತಾದ ತಾಣಗಳಲ್ಲಿ ಮಾತ್ರ ಸಂಧಿಸುತ್ತದೆ. ಸಂಗೀತಶಾಸ್ತ್ರಜ್ಞ ರಿಚರ್ಡ್ ವುಲ್ಫ್ 2005ರಲ್ಲಿ ಪ್ರಕಟಿಸಿದ ‘ದ ಬ್ಲಾಕ್ ಕೌಸ್ ಫುಟ್‌ಪ್ರಿಂಟ್’ ಎಂಬ ಗ್ರಂಥದ ಮುಖ್ಯ ಒಳನೋಟ ಈ ಸಂಧಿಯ ತಾಣಗಳನ್ನೇ ಕುರಿತದ್ದು. ಕರಿಯ ಹಸುವೊಂದು ಹೆಜ್ಜೆಯೂರಿ ತೋರಿದ ಜಾಗಗಳಲ್ಲಿ ಊರು ಕಟ್ಟಿದೆವೆಂಬ ಕೋತರ ನಂಬಿಕೆಯಿಂದ ಆ ಹೆಸರು ಬಂದಿದೆ. ಊರು, ಹಬ್ಬ, ಸಾವು, ಮಟ್ಟು ಇವೆಲ್ಲವನ್ನೂ ಕೋತರು ಕೆಲವು ನಿಶ್ಚಿತ ಗೂಟಗಳಿಗೆ ಕಟ್ಟಿ, ನಡುವಣ ಹಗ್ಗವನ್ನು ಸಡಿಲ ಬಿಡುತ್ತಾರೆಂಬುದು ಅವರ ವಾದ. ಸಮತಾಳದ ಶಿಸ್ತಿನಲ್ಲಿ ಬೆಳೆದ ಕಿವಿಗೆ ಈ ಸಡಿಲು ತಪ್ಪಾಗಿ ಕೇಳಬಹುದು. 19ನೆಯ ಶತಮಾನದ ಆಂಗ್ಲ ಬರಹಗಾರರು ಇದನ್ನು ಗದ್ದಲವೆಂದು ಬರೆದು ಕೈತೊಳೆದುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಸಾವಿನ ಅಂಗಳದಲ್ಲಿ ಎರಡು ಪಾಲು

ಬಡಗರ ಹಳೆಯ ಸಾವಿನ ಕ್ರಮವನ್ನು ಎಡ್ಗರ್ ಥರ್ಸ್ಟನ್ ವಿವರವಾಗಿ ಬರೆದಿಟ್ಟಿದ್ದಾರೆ. ಪ್ರಾಣ ಹೋಗುವಾಗ ಬೆಣ್ಣೆ ಅಥವಾ ತುಪ್ಪ ಸವರಿದ ವೀರರಾಯ ಹಣವೆಂಬ ಪುಟ್ಟ ಚಿನ್ನದ ನಾಣ್ಯವನ್ನು ಬಾಯಿಗಿಡುವುದು. ತೊರೆಯರ ಮೂಲಕ ಊರೂರಿಗೆ ಸುದ್ದಿ ಕಳುಹಿಸುವುದು. ಬಟ್ಟೆಗಳಿಂದ ಸಿಂಗರಿಸಿದ ಅಂತಸ್ತಂತಸ್ತಿನ ತೇರನ್ನು ಕಟ್ಟುವುದು. ಅದರ ಸುತ್ತ ಬಡಗ ಗಂಡಸರು ಕೋತರ ವಾದ್ಯಕ್ಕೆ ಕುಣಿಯುವುದು. ಒಂದು ತಲೆಮಾರಿನ ಕೊನೆಯವರು ತೀರಿಕೊಂಡ ಮೇಲೆ ಆ ತಲೆಮಾರಿಗೆಲ್ಲ ಒಟ್ಟಾಗಿ ನಡೆಸುತ್ತಿದ್ದ ‘ಮನೆವಳೆ’ ಎಂಬ ದೊಡ್ಡ ಕ್ರಿಯೆಯೂ ಇತ್ತು. ಇವೆಲ್ಲದರಲ್ಲಿ ಕೋತರ ತಂಡವು ಮೊದಲಿನಿಂದ ಕೊನೆಯವರೆಗೆ ಇರುತ್ತಿತ್ತು.

ಆದರೆ ಕ್ರಿಯೆಯ ನಡುಭಾಗದಲ್ಲಿ ಅಧಿಕಾರವು ವಾದ್ಯದಿಂದ ಬಾಯಿಗೆ ಬರುತ್ತದೆ. ಅದು ‘ಕರು ಹರಚುವುದು’. ಹಿರಿಯನೊಬ್ಬನು ಹೆಣದ ತಲೆಯ ಬಳಿ ನಿಂತು, ಸತ್ತವರೂ ಅವರ ಹಿರಿಯರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ನೆರೆದ ಜನ ಪ್ರತಿಯೊಂದಕ್ಕೂ ಅದು ಪಾಪವೆಂದು ಒಕ್ಕೊರಲಿನಿಂದ ಒಪ್ಪುತ್ತಾರೆ. ಪಾಪಗಳ ಹೊರೆ ಒಂದು ಕರುವಿನ ಮೇಲೆ ಇಳಿಯುತ್ತದೆ. ಆ ಕರುವನ್ನು ಬಿಟ್ಟುಬಿಡುತ್ತಾರೆ, ಮುಂದೆ ಅದನ್ನು ಯಾರೂ ದುಡಿಸಿಕೊಳ್ಳುವಂತಿಲ್ಲ. ಪಾಪಗಳಿಗೆ 1300 ಎಂಬ ರೂಢಿಯ ಸಂಖ್ಯೆಯಿದೆ. ಹಾವು, ಹಲ್ಲಿ, ಕಪ್ಪೆಗಳನ್ನು ಕೊಂದದ್ದು, ಗಡಿಯನ್ನು ಮೀರಿದ್ದು, ದಾರಿ ಕೇಳಿದವನಿಗೆ ತಪ್ಪುದಾರಿ ತೋರಿದ್ದು, ನೆರೆಯವನ ಪೈರನ್ನು ಕಂಡು ಹೊಟ್ಟೆಕಿಚ್ಚುಪಟ್ಟದ್ದು, ಸರ್ಕಾರಕ್ಕೆ ಚಾಡಿ ಹೇಳಿದ್ದು ಮುಂತಾಗಿ ಕೃಷಿಕರ ನೆರೆಹೊರೆಯಲ್ಲಿ ನಡೆಯಬಹುದಾದ ಅಪರಾಧಗಳೇ ಇವು. ಕೊನೆಯದಂತೂ ಬೆಟ್ಟದ ಮೇಲೆ ಕಚೇರಿಗಳು ಬಂದ ನಂತರದ ಸೇರ್ಪಡೆಯಾಗಿರಬಹುದೆಂಬ ಸಂಶಯ ಮೂಡಿಸುತ್ತದೆ. ಬಾಯಿಯ ಪಠ್ಯ ಹೊಸ ಪಾಪಗಳಿಗೆ ಎಂದೂ ಬಾಗಿಲು ಮುಚ್ಚುವುದಿಲ್ಲ.

ಈ ಪಠಣವು ನೀಲಗಿರಿಯ ಮೌಖಿಕ ಸಾಹಿತ್ಯದಲ್ಲಿ ಹೊರಜಗತ್ತಿಗೆ ಅತ್ಯಂತ ಬೇಗ ತಲುಪಿದ ಪಠ್ಯಗಳಲ್ಲಿ ಒಂದು. ಬಾಸೆಲ್ ಮಿಷನ್ನಿನವರು ಕೇತಿಯಲ್ಲಿ ನೆಲೆಯೂರಿ ಬಡಗ ಮಾತನ್ನು ಕಲಿತಿದ್ದರು. ಆ ಮಿಷನ್ನಿನ ಫ್ರೆಡ್ರಿಕ್ ಮೆಟ್ಜ್ ನೀಲಗಿರಿಯ ಜನಾಂಗಗಳ ಕುರಿತು ಬರೆದ ಪುಸ್ತಕದ ಎರಡನೆಯ ಮುದ್ರಣ 1864ರಲ್ಲಿ ಮಂಗಳೂರಿನಿಂದ ಹೊರಬಂತು. ಚಾರ್ಲ್ಸ್ ಗೋವರ್ 1871ರ ತಮ್ಮ ದಕ್ಷಿಣ ಭಾರತದ ಜನಪದ ಹಾಡುಗಳ ಸಂಕಲನದಲ್ಲಿ ಕನ್ನಡದ ಹಾಡುಗಳಿಗೆ ಒಂದು ಭಾಗವನ್ನೂ ಬಡಗ ಹಾಡುಗಳಿಗೆ ಬೇರೆಯೇ ಒಂದು ಭಾಗವನ್ನೂ ಇಟ್ಟರು. ಕರುವಿನ ಕ್ರಿಯೆ ಕೊನೆಗೆ ಜೇಮ್ಸ್ ಫ್ರೇಜರ್ ಅವರ ‘ಗೋಲ್ಡನ್ ಬೌ’ ಗ್ರಂಥಮಾಲೆಯ ಪುಟಗಳನ್ನು ಸೇರಿ, ಪಾಪವನ್ನು ಪ್ರಾಣಿಯ ಮೇಲೆ ಹೊರಿಸುವ ಜಾಗತಿಕ ಆಚರಣೆಗೆ ಒಂದು ನಿದರ್ಶನವಾಯಿತು. ಮೆಟ್ಜ್‌ರಿಂದ ಫ್ರೇಜರ್‌ವರೆಗಿನ ಈ ಪಯಣದಲ್ಲಿ ಪಠ್ಯ ಉಳಿಯಿತು, ಕರು ಉಳಿಯಿತು. ಅದೇ ಅಂಗಳದಲ್ಲಿ ನಿಂತಿದ್ದ ಕೋತರ ತಂಡ ಮೆಲ್ಲಗೆ ಜಾರಿಹೋಯಿತು. ಕಾಗದದ ಮೇಲೆ ಬರಬಲ್ಲದ್ದು ಸಾಹಿತ್ಯವಾಯಿತು, ಬಾರದ್ದು ಹಿನ್ನೆಲೆಯ ಸದ್ದಾಯಿತು.

ಈ ಕ್ರಿಯೆಯನ್ನು ಕೇಳುವವನ ಕಡೆಯಿಂದ ನೋಡಿದರೆ ಇಡಿಯ ಅಂಗಳವೇ ಒಂದು ಹಾಡುತಂಡ. ಒಬ್ಬನ ಮುಂದಾಳುತನ, ಹಲವರ ಸೊಲ್ಲು, ಒಂದು ತಾಳವರ್ಗ. ಮೋಯಾರಿನ ಉತ್ತರಕ್ಕೆ, ಚಾಮರಾಜನಗರದ ಸೀಮೆಯಲ್ಲಿ, ಇದೇ ರಚನೆ ಮಂಟೇಸ್ವಾಮಿಯ ನೀಲಗಾರರಲ್ಲಿಯೂ ಮಾದೇಶ್ವರನ ದೇವರಗುಡ್ಡರಲ್ಲಿಯೂ ಇದೆ. ಅಲ್ಲಿ ಕಥೆ ಹೇಳುವವನೂ ಸೊಲ್ಲು ಹಿಡಿಯುವವರೂ ತಂಬೂರಿ, ಡಕ್ಕೆ, ಕಂಸಾಳೆಗಳನ್ನು ಹಿಡಿದವರೂ ಒಂದೇ ದೀಕ್ಷೆಯ, ಒಂದೇ ಭಾಷೆಯ ಮೇಳದವರು. ಬೆಟ್ಟದ ಮೇಲೆ ಹಾಗಿಲ್ಲ. ಸೊಲ್ಲು ಒಂದು ಸಮುದಾಯದ್ದು, ತಾಳ ಇನ್ನೊಂದರದು. ಒಬ್ಬರು ಧಾನ್ಯ ಕೊಡುವವರು, ಇನ್ನೊಬ್ಬರು ಪಡೆಯುವವರು.

ಇದರಲ್ಲಿ ಭಾಷೆಯ ಒಂದು ಅಸಮತೆಯೂ ಅಡಗಿದೆ. ಬಡಗ ಮಾತು ಬೆಟ್ಟದ ಸಮುದಾಯಗಳ ನಡುವಣ ಸಂಪರ್ಕದ ಮಾತಾಗಿತ್ತು. ಕೋತರೆಲ್ಲರೂ ಅದನ್ನು ಬಲ್ಲರು. ಕೋತ ಭಾಷೆಯನ್ನು ಕಲಿತ ಹೊರಗಿನವರು ಅತಿ ವಿರಳ. ಆದ್ದರಿಂದ ಬಡಗರ ಪಾಪಪಟ್ಟಿಯ ಪ್ರತಿಯೊಂದು ಸಾಲೂ ಪರೆ ಹಿಡಿದು ನಿಂತ ಕೋತನಿಗೆ ಅರ್ಥವಾಗುತ್ತಿತ್ತು. ಅದೇ ಕೋತನು ತನ್ನೂರಿಗೆ ಮರಳಿ ತನ್ನವರ ಸಾವಿಗೆ ಹಾಡುವ ಹಾಡು ಬಡಗನಿಗೆ ತಿಳಿಯುತ್ತಿರಲಿಲ್ಲ. ಕೋತರಿಗೆ ಹಾಡಿಲ್ಲ, ಬರೀ ವಾದ್ಯವಿದೆ ಎಂಬ ಭಾವನೆ ಹಬ್ಬಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ.

ವಸ್ತುತಃ ಅವರ ಶೋಕಗೀತದ ಪ್ರಕಾರ ಸಮೃದ್ಧವಾದದ್ದು. ಅದರ ಹೆಸರು ‘ಆಟ್‌ಳ್’. ಅದನ್ನು ಹೆಚ್ಚಾಗಿ ಹಾಡುವವರು ಹೆಂಗಸರು, ಗಂಡಸರೂ ಹಾಡುತ್ತಾರೆ. ವಾದ್ಯದ ನೆರವಿಲ್ಲದ ಒಂಟಿ ದನಿಯ ಹಾಡು ಅದು. ಸಾಮಾನ್ಯ ದುಃಖವನ್ನು ಸಾಮಾನ್ಯ ಮಾತಿನಲ್ಲಿ ಹೇಳುವುದು ಅದರ ಗುರಿಯಲ್ಲ. ಇಂಥ ಮನೆಯ ಇಂಥವನು, ಇಂಥ ದಾರಿಯಲ್ಲಿ, ಇಂಥ ಕಾರಣದಿಂದ ತೀರಿಕೊಂಡನೆಂದು ಸಾವಿನ ಸುತ್ತಣ ಘಟನೆಯನ್ನು ಅದು ಹಿಡಿಯುತ್ತದೆ. ಸತ್ತವನನ್ನೇ ಕರೆದು ಮಾತನಾಡಿಸುತ್ತದೆ. ಕೇಳುವವರು ಸತ್ತವನನ್ನು ಬಲ್ಲವರಾಗಿದ್ದರೆ ಮಾತ್ರ ಅದರ ಪೂರ್ಣ ಭಾರ ಇಳಿಯುತ್ತದೆ. ಮೃತರಿಗೆ ಕೋತರು ಎರಡು ಬಾರಿ ಕ್ರಿಯೆ ನಡೆಸುತ್ತಾರೆ: ಮೊದಲನೆಯದು ‘ಪಚ್‌ತಾವ್’, ಹಸಿ ಸಾವು, ಬಹುಕಾಲದ ಮೇಲೆ ಹಲವರಿಗೆ ಒಟ್ಟಾಗಿ ನಡೆಯುವುದು ‘ವರ್ಲ್‌ದಾವ್’, ಒಣ ಸಾವು. ಶೋಕವು ಒಣಗಲು ಕಾಲ ಬೇಕೆಂಬ ತಿಳಿವಳಿಕೆ ಈ ಹೆಸರುಗಳಲ್ಲಿಯೇ ಇದೆ. ಎಮಿನೋ 1935ರಿಂದ 1938ರವರೆಗೆ ಭಾರತದಲ್ಲಿದ್ದಾಗ ಸಂಗ್ರಹಿಸಿ 1944ರಿಂದ 1946ರ ನಡುವೆ ಪ್ರಕಟಿಸಿದ ‘ಕೋತ ಟೆಕ್ಸ್ಟ್ಸ್’ ಈ ಭಾಷೆಯ ಕಥನಶಕ್ತಿಯನ್ನು ಮೊದಲ ಬಾರಿಗೆ ತೋರಿಸಿತು. ಅವರಿಗೆ ಮಾತು ಹೇಳಿಕೊಟ್ಟವರು ಸುಳ್ಳಿ ಎಂಬ ಕೋತ ಶಾಲಾ ಉಪಾಧ್ಯಾಯರು. ಸುಳ್ಳಿಯವರ ಹೆಸರು ಮುಂದೆ ಬೇರೆ ಕಾರಣಕ್ಕೆ ಮತ್ತೆ ಬರುತ್ತದೆ.

ಹೆಸರಿನ ಗಡಿ: ಒಂದು ಹೋಲಿಕೆ

ತಾಳ ಮತ್ತು ಶೋಕ ಎಂಬ ಎರಡು ಪದಗಳು ಕೂಡಿದ ಹೆಸರೊಂದು ಆಧುನಿಕ ಸಂಗೀತದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ: ರಿದಮ್ ಅಂಡ್ ಬ್ಲೂಸ್. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯು ಕಪ್ಪು ಜನರ ಧ್ವನಿಮುದ್ರಿಕೆಗಳ ಮಾರಾಟದ ಪಟ್ಟಿಗೆ ಬಳಸುತ್ತಿದ್ದ ‘ರೇಸ್ ರೆಕಾರ್ಡ್ಸ್’ ಎಂಬ ತಲೆಬರಹವನ್ನು 1949ರಲ್ಲಿ ಕೈಬಿಟ್ಟು ಈ ಹೆಸರನ್ನು ತಂದಿತು. ಹೆಸರನ್ನು ಸೂಚಿಸಿದವರು ಆಗ ಅಲ್ಲಿ ವರದಿಗಾರರಾಗಿದ್ದ ಜೆರ್ರಿ ವೆಕ್ಸ್ಲರ್. ಹೆಸರು ಸಭ್ಯವಾಯಿತು, ಪಟ್ಟಿ ಮಾತ್ರ ಬೇರೆಯಾಗಿಯೇ ಉಳಿಯಿತು. ಆ ವರ್ಷಗಳ ಹಾಡುತಂಡಗಳಲ್ಲಿ, ನ್ಯೂಯಾರ್ಕಿನ ‘ರೇವನ್ಸ್’, ಬಾಲ್ಟಿಮೋರಿನ ‘ಓರಿಯೋಲ್ಸ್’ ಮುಂತಾದವುಗಳಲ್ಲಿ, ತಾಳವೂ ಕಂಠದೊಳಗೆ ಸೇರಿಕೊಂಡಿತ್ತು. ಮಂದ್ರದ ಕಂಠವು ತಂತಿವಾದ್ಯದ ಕೆಲಸವನ್ನೂ ಮಾಡುತ್ತಿತ್ತು. ಮುಂದಾಳು ಒಂದು ಸಾಲು ಹಾಡಿ ಉಳಿದವರು ಉತ್ತರಿಸುವ ಕ್ರಮ ಕಪ್ಪು ಜನರ ಚರ್ಚುಗಳಿಂದ ಬಂದದ್ದು.

ಮೇಲುನೋಟಕ್ಕೆ ಕರುವಿನ ಪಠಣವೂ ಈ ಕ್ರಮವೂ ಸೋದರರಂತೆ ಕಂಡಾವು. ಆದರೆ ಉಪಯುಕ್ತವಾದ ಸಂಗತಿ ಸಾಮ್ಯದಲ್ಲಿಲ್ಲ, ಗಡಿ ಬೀಳುವ ಜಾಗದಲ್ಲಿದೆ. ಅಮೆರಿಕದಲ್ಲಿ ಒಂದೇ ಸಮುದಾಯ ತಾಳವನ್ನೂ ಶೋಕವನ್ನೂ ಕಟ್ಟಿತು. ಗಡಿಯನ್ನು ಎಳೆದದ್ದು ಹೊರಗಿನ ಮಾರುಕಟ್ಟೆ, ತಂಡದ ಸುತ್ತ. ನೀಲಗಿರಿಯಲ್ಲಿ ಗಡಿ ತಂಡದ ಒಳಗೇ ಹಾದುಹೋಗಿತ್ತು. ಒಂದು ಬದಿಯಿಲ್ಲದೆ ಇನ್ನೊಂದು ಅಪೂರ್ಣವಾದರೂ, ಎರಡೂ ಬದಿಯವರು ಜೊತೆಗೆ ಕುಳಿತು ಉಣ್ಣುವಂತಿರಲಿಲ್ಲ. ತೊದವರ ಉತ್ತರಕ್ರಿಯೆಯಲ್ಲಿ ಬಲಿಯಾದ ಎಮ್ಮೆಗಳ ಮಾಂಸ ಕೋತರಿಗೆ ಸಲ್ಲುತ್ತಿತ್ತು. ಅದೇ ಕಾರಣಕ್ಕೆ ಬಡಗರು ಅವರನ್ನು ಕೀಳಾಗಿ ಕಾಣುತ್ತಿದ್ದರು. ನುಡಿಸುವ ಕೈ ಬೇಕು, ಆ ಕೈ ಮುಟ್ಟಿದ್ದು ಬೇಡ.

ಬಿರುಕು

ಈ ಏರ್ಪಾಡು ಒಂದೇ ಪೆಟ್ಟಿಗೆ ಮುರಿಯಲಿಲ್ಲ. ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಬಂದಿತು. ಪೇಟೆಯ ಕಬ್ಬಿಣದ ಹತಾರ, ಲೋಹದ ಪಾತ್ರೆ ಅಗ್ಗವಾಗಿ ಸಿಕ್ಕತೊಡಗಿದ ಮೇಲೆ ಕೋತರ ಕುಲುಮೆಗೂ ಆವಿಗೆಗೂ ಮೊದಲಿನ ಅಗತ್ಯ ಉಳಿಯಲಿಲ್ಲ. ಆಲೂಗೆಡ್ಡೆ ಮತ್ತು ಚಹಾ ಬೆಳೆದು ಹಣ ಕಂಡ ಬಡಗರಿಗೆ ಧಾನ್ಯದ ಪಾಲು ಕೊಡುವ ಹಳೆಯ ಲೆಕ್ಕ ಭಾರವಾಗಿ ತೋರಿತು. ಹತಾರ ಹೋಯಿತು, ಮಡಕೆ ಹೋಯಿತು; ಕೊನೆಗೆ ಸಂಗೀತವೊಂದೇ ಎರಡು ಸಮುದಾಯಗಳನ್ನು ಕಟ್ಟಿದ ದಾರವಾಗಿ ಉಳಿಯಿತು.

ಆ ದಾರವನ್ನು ಎರಡೂ ಕಡೆಯವರು ಎಳೆದರು. 1924ರಲ್ಲಿ ಮರುಕಳಿಸುವ ಜ್ವರದ ಪಿಡುಗು ಕೋತರಲ್ಲಿ ಬಹಳ ಜನರನ್ನು ಬಲಿ ತೆಗೆದುಕೊಂಡಿತು. ಹಳೆಯ ದೈವಗಳು ಕಾಯಲಿಲ್ಲವೆಂಬ ಕಳವಳದ ನಡುವೆ ಹೊಸ ದೈವಗಳು ಬಂದವು. ಅವುಗಳನ್ನು ಒಪ್ಪುವವರು, ಒಪ್ಪದವರು ಎಂಬ ಪಕ್ಷಗಳಾದವು. ಸುಳ್ಳಿಯವರು ಈ ಕಾಲದ ಸುಧಾರಕರು. ಉದ್ದಗೂದಲನ್ನು ಕತ್ತರಿಸುವುದು, ಸತ್ತ ಪ್ರಾಣಿಯ ಮಾಂಸವನ್ನು ಬಿಡುವುದು, ಶಾಲೆಗೆ ಹೋಗುವುದು ಅವರ ಕಾರ್ಯಕ್ರಮವಾಗಿದ್ದವು. ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡಲ್‌ಬಾಮ್ ಮುಂದೆ ಅವರನ್ನು ಕುರಿತೇ ಒಂದು ಪ್ರಬಂಧವನ್ನು ಬರೆದರು. ಅತ್ತ ಬಡಗರಲ್ಲಿಯೂ ಓದಿದವರ ಸುಧಾರಣಾಪಕ್ಷವೊಂದು ಬೆಳೆದಿತ್ತು. ಸಾವಿನ ಮನೆಯಲ್ಲಿ ಕುಣಿತ, ಕೋತರ ವಾದ್ಯ, ದುಂದುವೆಚ್ಚ ಇವೆಲ್ಲ ಮರ್ಯಾದಸ್ಥ ಹಿಂದೂಗಳಿಗೆ ಒಪ್ಪತಕ್ಕದ್ದಲ್ಲವೆಂಬುದು ಅವರ ನಿಲುವು. 1930ರ ಸುಮಾರಿಗೆ ಕೋತರ ಸಂಗೀತವನ್ನು ಕರೆಸಬಾರದೆಂಬ ತೀರ್ಮಾನಗಳಾದವು. ಹಳೆಯ ಪಕ್ಷದವರು ವಾದ್ಯವಿಲ್ಲದ ಸಾವು ಸಾವೇ ಅಲ್ಲವೆಂದು ಪಟ್ಟುಹಿಡಿದರು. ಪರೆಯ ಸದ್ದು ಕೇಳಬೇಕೇ ಬೇಡವೇ ಎಂಬುದಕ್ಕೆ ಬಡಗ ಬಡಗರ ನಡುವೆಯೇ ಜಗಳಗಳಾದವು. ಕೆಲವು ಕೋತರು ಬಡಗರಂತೆ ಮುಂಡಾಸು ಸುತ್ತಿದ್ದು ಹೊಡೆದಾಟಕ್ಕೆ ಎಡೆಮಾಡಿತೆಂಬುದನ್ನೂ ಮ್ಯಾಂಡಲ್‌ಬಾಮ್ ದಾಖಲಿಸಿದ್ದಾರೆ.

ಈ ಘಟನೆಯನ್ನು ಒಂದು ಪರಂಪರೆಯ ನಾಶವೆಂದು ಮರುಗುವ ಬರವಣಿಗೆ ಉಂಟು. ಆ ಮರುಕ ಅರ್ಧಸತ್ಯ. ಕೋತನ ದೃಷ್ಟಿಯಿಂದ ನೋಡಿದರೆ, ಕರೆದಾಗ ಹೋಗಲೇಬೇಕಾದ, ನುಡಿಸಿದ ಮೇಲೆ ದೂರ ಕುಳಿತು ಉಣ್ಣಬೇಕಾದ ಕಟ್ಟುಪಾಡಿನಿಂದ ಅವನು ಬಿಡುಗಡೆಯಾದನು. ವಿಚಿತ್ರವೆಂದರೆ, ಬಡಗ ಸುಧಾರಕನೂ ಕೋತ ಸುಧಾರಕನೂ ಒಂದೇ ಮಾತನ್ನು ಹೇಳುತ್ತಿದ್ದರು: ಈ ಸಂಗೀತ ನಮ್ಮ ಮಾನಕ್ಕೆ ಕುಂದು. ಒಬ್ಬನಿಗೆ ಅದನ್ನು ಕೇಳುವುದು ಕುಂದು, ಇನ್ನೊಬ್ಬನಿಗೆ ಬೇರೆಯವರಿಗಾಗಿ ನುಡಿಸುವುದು ಕುಂದು.

ಬಿರುಕಿನ ಬಳಿಕ ಎರಡೂ ಸಮುದಾಯಗಳು ತಮ್ಮಲ್ಲಿ ಇಲ್ಲದ ಅರ್ಧವನ್ನು ತುಂಬಿಕೊಳ್ಳಬೇಕಾಯಿತು. ಕೋತರು ಹಾಡಿನ ಕಡೆಗೆ ಹೆಚ್ಚಾಗಿ ಹೊರಳಿದರು. 20ನೆಯ ಶತಮಾನದಲ್ಲಿ ಕೋತ ಭಾಷೆಯಲ್ಲಿ ರಚಿತವಾದ ದೇವರ ಹಾಡುಗಳಲ್ಲಿ ತಮಿಳು ಭಜನೆಯ, ಸಿನಿಮಾ ಹಾಡಿನ ಧಾಟಿ ಸ್ಪಷ್ಟವಾಗಿದೆ. ಹೆಂಗಸರು ಗುಂಪಾಗಿ ಕೈತಟ್ಟಿ ಹಾಡುವ ಹಾಡುಗಳಿಗೆ ಹೊಸ ಮಹತ್ವ ಬಂದಿತು. ವಾದ್ಯವನ್ನು ಅವರು ಬಿಡಲಿಲ್ಲ. ತಮ್ಮ ದೇವರ ಹಬ್ಬಕ್ಕೂ ತಮ್ಮ ಸಾವುಗಳಿಗೂ ಅದನ್ನು ಉಳಿಸಿಕೊಂಡರು. ಪರರಿಗಾಗಿ ದುಡಿಯುತ್ತಿದ್ದ ಸಂಗೀತ ಹೀಗೆ ಸ್ವಂತದ ಗುರುತಾಯಿತು. ಇಂದು ನೀಲಗಿರಿಯ ಬುಡಕಟ್ಟುಗಳ ಪ್ರದರ್ಶನಗಳಲ್ಲಿ ಕೋತರನ್ನು ಸಂಗೀತಗಾರರೆಂದೇ ಪರಿಚಯಿಸುವಾಗ, ಆ ಕೀರ್ತಿಯ ಹಿಂದೆ ಒಂದು ನಿರಾಕರಣೆಯಿದೆಯೆಂಬುದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ.

ಬಡಗರ ಅಂಗಳವೂ ಬಹುಕಾಲ ಮೌನವಾಗಿ ಉಳಿಯಲಿಲ್ಲ. ಕೋತರು ಬಿಟ್ಟ ಸ್ಥಾನಕ್ಕೆ ಇರುಳರ, ಕುರುಂಬರ ವಾದ್ಯತಂಡಗಳು ಬಂದವು. ವಾದ್ಯಗಳು ಅದೇ ಬಳಗದವು: ಓಲಗ, ಪರೆ, ತಮಟೆ, ತಾಳ. ಬೆಟ್ಟದ ಇಳಿಜಾರುಗಳಲ್ಲಿಯೂ ಮೋಯಾರ್ ಕಣಿವೆಯಲ್ಲಿಯೂ ಬದುಕುವ ಈ ಜನರ ಸಂಗೀತವನ್ನು ಹಳೆಯ ಜನಾಂಗವಿವರಣೆಗಳು ಬಹುಮಟ್ಟಿಗೆ ಕಡೆಗಣಿಸಿದ್ದವು; ಮಾಟಮಂತ್ರದ ಹೆದರಿಕೆಯ ಹೊರತು ಕುರುಂಬರಲ್ಲಿ ಬೇರೇನನ್ನೂ ಅವು ಕಾಣಲಿಲ್ಲವೆಂದರೂ ಸಲ್ಲುತ್ತದೆ. ಮಸಿನಗುಡಿಯ ಬಳಿಯ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ಮೇಲಿನ ಹಟ್ಟಿಗಳಿಂದ ಬಡಗರು ಇಳಿದು ಬರುತ್ತಾರೆ. ತಮಿಳು, ಬಡಗ, ಇರುಳ, ಕುರುಂಬ, ಬಯಲುಗನ್ನಡ ಇವೆಲ್ಲ ಕಿವಿಗೆ ಬೀಳುವ ಇಂತಹ ನೆಲದಲ್ಲಿ ಒಂದು ಮಟ್ಟು ಯಾರದೆಂದು ಕೇಳುವುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಪೈಕಾರಾ ನೀರಿನಿಂದ ಮಸಿನಗುಡಿಯ ಬಳಿಯ ಸಿಂಗಾರದಲ್ಲಿ 1932ರಲ್ಲಿ ವಿದ್ಯುದುತ್ಪಾದನೆ ಆರಂಭವಾಯಿತು, ಕೋತರ ವಾದ್ಯದ ಬಗ್ಗೆ ಮೇಲೆ ಜಗಳ ನಡೆಯುತ್ತಿದ್ದ ದಿನಗಳಲ್ಲಿಯೇ. ಮುಂದೆ ಧ್ವನಿವರ್ಧಕ, ಕ್ಯಾಸೆಟ್ಟು, ಕೀಬೋರ್ಡುಗಳು ಬಂದು ಬಡಗ ಭಾಷೆಯ ಹೊಸ ಹಾಡುಗಳಿಗೆ ತಾಳವನ್ನು ಯಂತ್ರವೇ ಒದಗಿಸಿತು. ಆ ಹಾಡುಗಳಿಗೆ ಬಡಗರು ಇಂದಿಗೂ ವರ್ತುಲವಾಗಿ ನಿಂತು ಕುಣಿಯುತ್ತಾರೆ. ಹೆಜ್ಜೆ ಹಳೆಯದು, ಹೊಡೆಯುವ ಕೈ ಮಾತ್ರ ಇಲ್ಲ.

ಇರುಳರ ದನಿಗೆ ದೊಡ್ಡ ಮನ್ನಣೆ ದೊರೆತದ್ದು ನೀಲಗಿರಿಯ ದಕ್ಷಿಣದ ಅಟ್ಟಪ್ಪಾಡಿಯಿಂದ. ಅಲ್ಲಿನ ನಂಜಿಯಮ್ಮ ಅವರಿಗೆ ಮಲಯಾಳಂ ಚಿತ್ರವೊಂದರಲ್ಲಿ ಹಾಡಿದ ಇರುಳ ಮಾತಿನ ಹಾಡಿಗಾಗಿ 2022ರಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕಿಯೆಂಬ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಂದಿತು. ಶಾಸ್ತ್ರೀಯ ಶಿಕ್ಷಣವಿಲ್ಲದವರಿಗೆ ಅದು ಸಲ್ಲಬಹುದೇ ಎಂದು ಆಗ ಎದ್ದ ತಕರಾರು, ಒಂದು ಶತಮಾನ ಹಿಂದೆ ಕೋತರ ಕೊಳ್ ಗದ್ದಲವೆಂದು ಬರೆದವರ ತಕರಾರಿನ ಮೊಮ್ಮಗುವಿನಂತಿತ್ತು.

ದಾಖಲೆಯ ಸ್ಥಿತಿ ಈಗಲೂ ಹಳೆಯ ಗಡಿಯನ್ನೇ ಅನುಸರಿಸುತ್ತಿದೆ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಹೇಳಿಕೊಂಡ ಸುಮಾರು 1.33 ಲಕ್ಷ ಜನರನ್ನು ಕನ್ನಡದ ತಲೆಬರಹದ ಕೆಳಗೆ ಸೇರಿಸಲಾಗಿದೆ. ಕೋತ ಭಾಷೆಗೆ ಆ ಆಸರೆಯೂ ಇಲ್ಲ. ಬಡಗರ ಗಾದೆ, ಪ್ರಾರ್ಥನೆ, ಶಾಪಗಳು ಹಾಕಿಂಗ್ಸ್ ಅವರ 1988ರ ಸಂಕಲನದಲ್ಲಿವೆ. ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪೈಲೋ-ರೈಶೂರ್ ಅವರ ಬಡಗ ನಿಘಂಟು 1992ರಲ್ಲಿ ಬಂದಿದೆ. ಕೋತರ ಸಂಗೀತ ಸಂಗೀತಶಾಸ್ತ್ರದ ಕಪಾಟಿನಲ್ಲಿದೆ. ಭಾಷೆಯ ವಿದ್ಯಾರ್ಥಿ ಮೊದಲನೆಯದನ್ನು ಓದುತ್ತಾನೆ, ಸಂಗೀತದ ವಿದ್ಯಾರ್ಥಿ ಎರಡನೆಯದನ್ನು. ಕರುವಿನ ಪಠಣದ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ, ಹಿರಿಯನು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ, ಅಂಗಳದ ಅಂಚಿನಲ್ಲಿ ನಿಂತ ತಂಡ ಏನು ಮಾಡುತ್ತಿತ್ತೆಂಬುದನ್ನು ಮೆಟ್ಜ್ ಬರೆಯಲಿಲ್ಲ, ಗೋವರ್ ಬರೆಯಲಿಲ್ಲ. ಅದನ್ನು ಹೇಳಬಲ್ಲ ಹಿರಿಯರನ್ನು ಹಟ್ಟಿಯಲ್ಲಿ ಹುಡುಕಿದರೆ ಸಾಲದು. ಕುರ್ಗೋಜ್, ಪೋರ್ಗಾಡ್‌ಗಳಲ್ಲಿ ಕೋತ ಭಾಷೆಯಲ್ಲಿ ಕೇಳಬೇಕು, ಸೀಗೂರಿನ ಕೆಳಗೆ ಇರುಳ ವಾದಕರನ್ನೂ ಕೇಳಬೇಕು. ಕನ್ನಡದ ಕ್ಷೇತ್ರಕಾರ್ಯಕರ್ತರು ಈವರೆಗೆ ಬೆಟ್ಟವೇರಿದ್ದು ಬಹುತೇಕ ಬಡಗರನ್ನು ಹುಡುಕಿಕೊಂಡು, ಮಾತಿನ ನಂಟಿನ ಜಾಡು ಹಿಡಿದು. ಕೊಳ್, ಪರ್, ಕೊಬ್, ಪಾಟ್ ಎಂಬ ಹೆಸರುಗಳ ಜಾಡು ಹಿಡಿದರೆ ದಾರಿ ಕೋತರ ಊರಿಗೂ ಹೋಗುತ್ತದೆ.